ಅಂಗಡಿಗೆ ನಡೆದು ಹೋಗುವಂಥ ಮನೆ ಹುಡುಕು

ತಮ್ಮಾ, ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಹೆಮ್ಮೆಯಾಯಿತು. ಬ್ಯಾಂಕ್ ಖಾತೆ, ಲೈಸೆನ್ಸ್ ಇತ್ಯಾದಿಗೆ ನಿನ್ನ ಕಚೇರಿಯವರೇ ದಾರಿ ತೋರಿಸುತ್ತಾರೆ. ರಾಗಿಹಿಟ್ಟು ಇಲ್ಲೇ ಸಿಗುತ್ತದೆ, ಹೊತ್ತು ತರಬೇಡ.

ಊರಾಚೆ ಕಡಿಮೆ ಬಾಡಿಗೆಯ ದೊಡ್ಡ ಮನೆಯೋ, ಅಂಗಡಿಗಳಿಗೆ ಹತ್ತಿರದ ಸಣ್ಣ ಅಪಾರ್ಟ್‌ಮೆಂಟೋ ಎಂದು ಕೇಳಿದ್ದೀಯ. ನಿನ್ನ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಆಸೆಯಿದ್ದರೆ ಸಣ್ಣದನ್ನೇ ಹಿಡಿ.

ನಾನು ಬಂದ ಹೊಸತರಲ್ಲಿದ್ದ ಮನೆಯ ಹಿತ್ತಲಿಂದ ದಿನಸಿ ಅಂಗಡಿಯ ಬೋರ್ಡು ಕಾಣುತ್ತಿತ್ತು. ನಡುವೆ ಎತ್ತರದ ಗೋಡೆ. ನಮ್ಮ ಬೀದಿ ಮುಂದೆ ಯಾವ ರಸ್ತೆಗೂ ಕೂಡದೆ ಅಲ್ಲೇ ಮುಗಿಯುತ್ತಿತ್ತು. ಬಡಾವಣೆಯಿಂದ ಹೊರಬೀಳಲು ಇದ್ದ ಒಂದೇ ದಾರಿ ಫುಟ್‌ಪಾತ್ ಇಲ್ಲದ ಆರು ಪಥದ ರಸ್ತೆಗೆ ಸೇರುತ್ತಿತ್ತು. ಹಾಲಿಗೂ ಕಾರು, ಕೊತ್ತಂಬರಿಗೂ ಕಾರು.

ಆ ಮನೆಗೆ ನಮ್ಮಪ್ಪ ಬಂದರು. ಚಿಕ್ಕಪೇಟೆಯ ಮನೆಯಿಂದ ಹೊರಟು ಅಮಾನಿಕೆರೆ ಸುತ್ತಿ, ಪೇಪರು ಕೊಂಡು, ಬರುವಾಗ ಸೊಪ್ಪು ಹಿಡಿದು ಬರುತ್ತಿದ್ದ ಮನುಷ್ಯ. ಅದನ್ನು ಅವರು ಎಂದೂ ವ್ಯಾಯಾಮ ಎಂದುಕೊಂಡಿರಲಿಲ್ಲ. ಇಲ್ಲಿ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತು, "ಎಲ್ಲಿಗೆ ಹೋಗಲಮ್ಮ?" ಎನ್ನುತ್ತಿದ್ದರು. ಟ್ರೆಡ್‌ಮಿಲ್ ತಂದುಕೊಟ್ಟರೂ ಹತ್ತಲಿಲ್ಲ. ಸಕ್ಕರೆ ಕಾಯಿಲೆ ಏರಿಸಿಕೊಂಡು ಊರಿಗೆ ಮರಳಿದವರು ಮತ್ತೆ ಬರಲಿಲ್ಲ. ಆ ಕೊರಗು ನನಗೆ ಇಂದಿಗೂ ಹೋಗಿಲ್ಲ.

2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 10 ದೇಶಗಳ 14 ನಗರಗಳ ಅಧ್ಯಯನವೊಂದು ಬಂತು. ವಯಸ್ಕರ ಸೊಂಟಕ್ಕೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿದ್ದರು. ಮನೆಗಳು ಒತ್ತಾಗಿದ್ದು, ರಸ್ತೆಗಳು ಒಂದಕ್ಕೊಂದು ಕೂಡಿ, ಬಸ್ಸು ಮತ್ತು ಪಾರ್ಕು ಹತ್ತಿರವಿದ್ದ ಕಡೆಯವರು ಇವೆಲ್ಲ ತೀರಾ ಕಡಿಮೆಯಿದ್ದ ಕಡೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಚಟುವಟಿಕೆಯಿಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೇ ವಾರಕ್ಕೆ ಕನಿಷ್ಠ 150 ನಿಮಿಷ. ಸುಮಾರು ಅರ್ಧ ಅಲ್ಲೇ ಬಂತಲ್ಲ! ನಡೆಯುವ ಆಸೆಯಿರುವವರೇ ಅಂಥ ಕಡೆ ಮನೆ ಮಾಡುತ್ತಾರೆ ಎನ್ನುವವರಿದ್ದಾರೆ, ಅದೂ ಇರಬಹುದು. ಆದರೆ ನಮ್ಮಪ್ಪನಿಗೆ ಆಸೆ ಕಡಿಮೆಯಿರಲಿಲ್ಲ.

ವಾಕ್ ಸ್ಕೋರ್ ಎಂಬ ತಾಣದಲ್ಲಿ ವಿಳಾಸ ಹಾಕಿದರೆ ಅಂಗಡಿ ಮುಂತಾದವು ನಡೆದು ಹೋಗುವಷ್ಟು ಹತ್ತಿರವಿವೆಯೇ ಎಂಬುದಕ್ಕೆ 100ಕ್ಕೆ ಇಷ್ಟು ಎಂದು ಅಂಕ ತೋರಿಸುತ್ತದೆ. ಅದನ್ನೊಂದೇ ನಂಬಬೇಡ, ಜುಲೈ ಬಿಸಿಲಿಗೆ ದಾರಿಯಲ್ಲಿ ನೆರಳು ಬೇಕು, ರಸ್ತೆ ದಾಟಲು ಸಿಗ್ನಲ್ ಬೇಕು. ನಿನಗೆ ಹಿಡಿಸಿದ ಮನೆಗಳ ವಿಳಾಸ ಕಳಿಸು. ಕರಾರಿಗೆ ಸಹಿ ಹಾಕುವ ಮೊದಲು ನಾನೇ ಹೋಗಿ ಅಲ್ಲಿಂದ ಅಂಗಡಿಯವರೆಗೆ ನಡೆದು ನೋಡಿ ಹೇಳುತ್ತೇನೆ.