ಬಿಗ್ ಬಾಸ್ ಆಡಿಷನ್ ವಿಡಿಯೊದಲ್ಲಿ ಜಗಳಗಂಟನ ಥರ ಕಾಣಬೇಕಾ, ಮುಗ್ಧನ ಥರಾನಾ? ಬೇಕರಿ ಕೆಲಸ ಈಗಲೇ ಬಿಡಲಾ?

ಎರಡೂ ಬೇಡ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು 2017ರಲ್ಲಿ ನಾನು ನಿದ್ದೆಗೆಟ್ಟಿದ್ದೆ.

ಐದನೇ ಸೀಸನ್‌ಗೆ ಜನಸಾಮಾನ್ಯರನ್ನೂ ತಗೊಳ್ತಾರೆ ಅಂತ ಗೊತ್ತಾದಾಗ ನಾನು ಮನೆಮನೆಗೆ ಹೋಗಿ ವಾಟರ್ ಫಿಲ್ಟರ್ ಮಾರುತ್ತಿದ್ದೆ. ಹಿಂದಿನ ಸೀಸನ್ ಜೋರು ಮಾತಿನ ಪ್ರಥಮ್ ಗೆದ್ದಿದ್ದರು. ಜೋರು ಮಾತಿದ್ದರೆ ಸಾಕು ಅಂತ ಲೆಕ್ಕ ಹಾಕಿದೆ. ಕಂಪನಿಯ ನೀಲಿ ಶರ್ಟ್ ಬಿಚ್ಚಿ ಗೆಳೆಯನ ಕೋಟು ಹಾಕಿಕೊಂಡೆ. ಸ್ಯಾಂಪಲ್ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದೆ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಬಾಯಿಪಾಠ ಮಾಡಿದ್ದನ್ನು ಕೂಗಿ ಹೇಳಿದೆ. ಅಮ್ಮ ಓಡಿ ಬಂದು, "ಯಾರ ಜೊತೆನೋ ಜಗಳ?" ಅಂದರು.

ಕರೆ ಬರಲಿಲ್ಲ. ಆದರೆ ಆ ಸೀಸನ್‌ನಲ್ಲಿ ಒಬ್ಬರು ಸೇಲ್ಸ್‌ಮನ್ ಒಳಗೆ ಹೋದರು, ದಿವಾಕರ್. 2018ರ ಜನವರಿಯ ಫಿನಾಲೆಯಲ್ಲಿ ಕೊನೆಗೆ ಉಳಿದದ್ದು ಅವರು ಮತ್ತು ಚಂದನ್ ಶೆಟ್ಟಿ. ಚಂದನ್ ಗೆದ್ದರು. ನಾನು ಮಾತ್ರ ದಿವಾಕರ್ ಮುಖವನ್ನೇ ನೋಡುತ್ತಿದ್ದೆ. ನಾನು ಮಂಚದ ಕೆಳಗೆ ತಳ್ಳಿದ್ದು ಅದೇ ಕೆಲಸವನ್ನಲ್ವಾ?

ಕೋಟು ಹಾಕಿದ್ದಕ್ಕೇ ಆಯ್ಕೆ ಆಗಲಿಲ್ಲ ಅಂತ ಹೇಳುತ್ತಿಲ್ಲ. ನನ್ನ ಹತ್ತಿರ ಇದ್ದದ್ದನ್ನು ನಾನೇ ತೋರಿಸಲಿಲ್ಲ, ನೋವು ಅದು. "ಬೇಡಪ್ಪಾ, ಹೋಗು" ಅಂತ ಬಾಗಿಲು ಹಾಕಿದವರೇ ಹತ್ತು ನಿಮಿಷ ಬಿಟ್ಟು ಕರೆದು ಮಜ್ಜಿಗೆ ಕೊಟ್ಟದ್ದುಂಟು. ಗುರುತಿಲ್ಲದವರ ಬೈಗುಳ ತಡೆದುಕೊಂಡು ಮತ್ತೆ ಮಾತಿಗೆ ಕೂರುವುದು ನನಗೆ ಬರುತ್ತಿತ್ತು. ಬಿಗ್ ಬಾಸ್ ಮನೆಯೊಳಗೆ ಬೇಕಿರೋದು ಅದೇ. ನಿಮ್ಮನ್ನು ಹೊರಗೆ ಕಳಿಸೋಕೆ ನಾಮಿನೇಟ್ ಮಾಡಿದವರ ಜೊತೆಯಲ್ಲೇ ಅಡುಗೆ ಮಾಡಬೇಕು, ಇರೋ ರೇಷನ್ ಹಂಚಿಕೊಂಡು ತಿನ್ನಬೇಕು. ಹಗಲು ರಾತ್ರಿ ಕ್ಯಾಮೆರಾ. ಸುಮ್ನೆ ಹಾಕಿಕೊಂಡ ವೇಷ ಅಲ್ಲಿ ಒಂದು ವಾರವೂ ನಿಲ್ಲಲ್ಲ. ಮರುವರ್ಷದ ಆರನೇ ಸೀಸನ್‌ಗೆ ಶಶಿಕುಮಾರ್ ರೈತ ಅಂತಲೇ ಬಂದರು, ಗೆದ್ದೂ ಬಿಟ್ಟರು.

ಕೆಲಸ ಈಗ ಬಿಡಬೇಡಿ. ಕರೆ ಬಂದ ಮೇಲೆ ನೋಡಿಕೊಳ್ಳಿ. ವಿಡಿಯೊ ಬೇಕರಿಯಲ್ಲೇ ಮಾಡಿ, ಬೆಳಿಗ್ಗೆ ಓವನ್‌ನಿಂದ ಬ್ರೆಡ್ ತೆಗೆಯೋ ಹೊತ್ತಿಗೆ. ಕೈಗೆ ಮೈದಾ ಅಂಟಿದ್ದರೆ ಒರೆಸಬೇಡಿ, ಏಪ್ರನ್ ಕೂಡ ಬಿಚ್ಚಬೇಡಿ.