ಸೀಮಂತ ಕಳೆಯುವವರೆಗೆ ಕಾಯಬಹುದೇ?

ಪ್ರಶ್ನೆ: ನನ್ನ ತಂಗಿಗೆ 26 ವರ್ಷ, ಚೊಚ್ಚಲ ಬಸುರಿ, ಈಗ 19 ವಾರ. ಸ್ಕ್ಯಾನಿಂಗ್‌ನಲ್ಲಿ ಲಿವರಿನ ಎಡಭಾಗದಲ್ಲಿ 7 ಸೆಂ.ಮೀ. ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಫೈಬ್ರೊಲ್ಯಾಮೆಲ್ಲರ್ ಕ್ಯಾನ್ಸರ್ (ಲಿವರಿನ ಒಂದು ಅಪರೂಪದ ಕ್ಯಾನ್ಸರ್) ಎಂದು ಬಂದಿದೆ. ಬೇರೆಡೆಗೆ ಹರಡಿದ ಗುರುತಿಲ್ಲವಂತೆ. ಗರ್ಭ ತೆಗೆಸಬೇಕೆಂದು ಭಾವನ ಮನೆಯವರು, ಸೀಮಂತ, ಹೆರಿಗೆ ಎಲ್ಲ ಕಳೆಯಲಿ ಎಂದು ಅಮ್ಮ. ರಕ್ತದ ಎಎಫ್‌ಪಿ (ಲಿವರ್ ಕ್ಯಾನ್ಸರಿನ ಸುಳಿವಿಗಾಗಿ ನೋಡುವ ಪ್ರೋಟೀನು) ನಾರ್ಮಲ್ ಇದೆ. ಏನು ಮಾಡಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೀವು ಕಳುಹಿಸಿದ ವರದಿಯಲ್ಲಿ ಎಎಫ್‌ಪಿ ಸಾಲಿನ ಕೆಳಗೆ ಯಾರೋ ನೀಲಿ ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ. ದಯವಿಟ್ಟು ಆ ಸಾಲನ್ನು ನೆಚ್ಚಿಕೊಂಡು ಕೂರಬೇಡಿ. ಈ ಬಗೆಯ ಕ್ಯಾನ್ಸರಿನಲ್ಲಿ ಎಎಫ್‌ಪಿ ಸಾಮಾನ್ಯವಾಗಿ ಏರುವುದಿಲ್ಲ. ಮೇಲಾಗಿ ಹೊಟ್ಟೆಯಲ್ಲಿರುವ ಮಗುವಿನಿಂದಲೂ ಅದು ತಾಯಿಯ ರಕ್ತಕ್ಕೆ ಸೇರುವುದರಿಂದ ಬಸಿರಿನಲ್ಲಿ ಆ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು.

ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು), ಹೆಪಟೈಟಿಸ್ (ಲಿವರಿನ ಉರಿಯೂತ) ಯಾವುದೂ ಇಲ್ಲದ ಎಳೆಯ ವಯಸ್ಸಿನವರಲ್ಲೇ ಹೆಚ್ಚಾಗಿ ಕಾಣುವ ಕಾಯಿಲೆ ಇದು. ಗಡ್ಡೆಯ ಜೀವಕೋಶಗಳಲ್ಲಿ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ ಎಂಬುದು 2014ರಲ್ಲಿ ತಿಳಿದುಬಂತು. ಆದ್ದರಿಂದ ಆಕೆಯ ಊಟದಲ್ಲೋ ನಡೆಯಲ್ಲೋ ತಪ್ಪು ಹುಡುಕಲು ಯಾರಿಗೂ ಅವಕಾಶ ಕೊಡಬೇಡಿ.

ಇದಕ್ಕೆ ಮುಖ್ಯ ಚಿಕಿತ್ಸೆ ಗಡ್ಡೆಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುವುದು. ಗರ್ಭ ತೆಗೆಸಿದ ಮಾತ್ರಕ್ಕೆ ಗಡ್ಡೆ ಕರಗದು. ಹೆರಿಗೆಯವರೆಗೆ ಸುಮ್ಮನಿದ್ದರೆ ಅದು ಬೆಳೆಯಲು, ಹರಡಲು ತಿಂಗಳುಗಟ್ಟಲೆ ಸಮಯ ಕೊಟ್ಟಂತಾಗುತ್ತದೆ. ಮಗುವಿನ ಅಂಗಾಂಗಗಳು ಮೂಡಿ ಆಗಿರುವ, ಗರ್ಭಕೋಶ ಇನ್ನೂ ಶಸ್ತ್ರವೈದ್ಯರ ಕೈಗೆ ಅಡ್ಡಬಾರದ ಈ ನಡುವಿನ ಮೂರು ತಿಂಗಳೇ ಆಪರೇಷನ್ನಿಗೆ ಒಳ್ಳೆಯ ಕಾಲ. ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಇದ್ದೇ ಇದೆ. ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತದಿರಲೆಂದು ಮೇಜಿನ ಮೇಲೆ ಗರ್ಭಿಣಿಯನ್ನು ತುಸು ಎಡಕ್ಕೆ ವಾಲಿಸಿ ಮಲಗಿಸುತ್ತಾರೆ, ಆಪರೇಷನ್ನಿನ ಮೊದಲೂ ಆಮೇಲೂ ಮಗುವಿನ ಎದೆಬಡಿತ ನೋಡುತ್ತಾರೆ. ಉಳಿದ ಲಿವರ್ ಆರೋಗ್ಯವಾಗಿದ್ದರೆ ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ಬೆಳೆದುಕೊಳ್ಳುತ್ತದೆ. ಗರ್ಭವನ್ನು ಉಳಿಸಿಕೊಳ್ಳುವ ಮಾತು ಮಾತ್ರ ಕೊನೆಗೆ ನಿಮ್ಮ ತಂಗಿಯದೇ ಆಗಿರಬೇಕು.

ಮಂಗಳೂರಿಗೆ ಹೋಗುವುದಾದರೆ ಲಿವರ್ ಸರ್ಜನ್, ಹೆರಿಗೆ ತಜ್ಞರು, ಕ್ಯಾನ್ಸರ್ ತಜ್ಞರು ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಒಂದೇ ಆಸ್ಪತ್ರೆಯಲ್ಲಿವೆಯೇ ಎಂದು ಮೊದಲೇ ಕೇಳಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಎರಡನ್ನೂ ಒಯ್ಯಿರಿ. ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ಗ್ಯಾಡೋಲಿನಿಯಂ ಔಷಧ ಕೊಡದೆ ಮಾಡುವ ಎಂಆರ್‌ಐಗೆ ಹೆದರಬೇಕಾಗಿಲ್ಲ. ನೆಲನೆಲ್ಲಿ ಕಷಾಯವನ್ನಾಗಲಿ ಬೇರೆ ನಾಟಿಮದ್ದನ್ನಾಗಲಿ ಈಗ ಕೊಡಬೇಡಿ.

ಸೀಮಂತವನ್ನು ಗಾಯ ಮಾಗಿದ ಮೇಲೆ ಮಾಡಬಹುದೆಂದು ಅಮ್ಮನಿಗೆ ಹೇಳಿ. ಅಷ್ಟರೊಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹಠಾತ್ತನೆ ನೋವು, ಹೆಗಲಿಗೆ ಸೆಳೆತ, ತಲೆಸುತ್ತು ಕಂಡರೆ ಗಡ್ಡೆ ಒಡೆದು ರಕ್ತ ಸೋರುತ್ತಿರಬಹುದು. ರಾತ್ರಿಯಾದರೂ ಆ ಗಳಿಗೆಯೇ ಹೊರಡಿ.