ಪುಲಕೇಶಿ ಸೋತದ್ದನ್ನು ಯಾಕೆ ಬರೆದಿರಿ?

ಗುಳೇದಗುಡ್ಡದಿಂದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು: "ಹೋದ ತಿಂಗಳ ಬಾದಾಮಿ ಲೇಖನದಲ್ಲಿ ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದಕ್ಕೆ ನಾಲ್ಕು ಸಾಲು, ಪಲ್ಲವರಿಗೆ ಸೋತದ್ದಕ್ಕೆ ಒಂದೂವರೆ ಪುಟ. ಬಾಗಲಕೋಟೆಯಲ್ಲಿ ಅಚ್ಚಾಗುವ ಪತ್ರಿಕೆ ನಮ್ಮ ದೊರೆಯ ಸೋಲನ್ನು ಇಷ್ಟು ಉದ್ದ ಹೇಳಬೇಕೇ? ಮೂವತ್ತು ವರ್ಷ ಮಕ್ಕಳಿಗೆ ಪುಲಕೇಶಿಯ ಪಾಠ ಮಾಡಿದವನು ನಾನು. ಓದಿ ನೋವಾಯಿತು. ಅಷ್ಟಕ್ಕೂ ಚಾಲುಕ್ಯರು ದೊಡ್ಡವರೋ ಪಲ್ಲವರೋ, ನೇರವಾಗಿ ಹೇಳಿ. ಇನ್ನೊಂದು ಮಾತು. ಪಟ್ಟದಕಲ್ಲಿನ ಚಿತ್ರದ ಕೆಳಗೆ ಹೆಸರು ತಪ್ಪಾಗಿದೆ."

ಗುರುಗಳೇ, ನಮಸ್ಕಾರ.

ನಿಮ್ಮ ನೋವು ನನಗೆ ತಿಳಿಯುತ್ತದೆ. ಅದೇ ಪಾಠ ಓದಿ ಬೆಳೆದವನು ನಾನೂ. ಐದನೇ ಇಯತ್ತೆಯಲ್ಲಿದ್ದಾಗ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದರು. ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ಮಾಸ್ತರ್ ಗುಡ್ಡದ ಕಡೆ ಕೈ ತೋರಿಸಿ, "ಇಲ್ಲಿಂದ ಹೊರಟ ದಂಡು ನರ್ಮದೆತನಕ ಹೋಗಿತ್ತು" ಅಂದರು. ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಅಷ್ಟು ಹಿಗ್ಗು. ಅದೇ ಊರನ್ನು ಪಲ್ಲವರು 12-13 ವರ್ಷ ಹಿಡಿದಿಟ್ಟುಕೊಂಡಿದ್ದರು ಅಂತ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಆಗ ಪಲ್ಲವರ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ದಿನ ನನಗೆ ಯಾರೂ ಹೇಳಲಿಲ್ಲವಲ್ಲ ಅಂತ ಬೇಜಾರಾಯಿತು.

ಮೊದಲು ಜಗಳದ ಮೂಲ ನೋಡೋಣ. ಇದು ಬರೀ ಬದುವಿನ ಜಗಳ ಆಗಿರಲಿಲ್ಲ. ಕೃಷ್ಣೆ ಮತ್ತು ಗೋದಾವರಿ ನಡುವಿನ ವೆಂಗಿ ನಾಡನ್ನು ಪುಲಕೇಶಿ ಗೆದ್ದ. ತಮ್ಮ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿ ಕೂರಿಸಿದ. ಹಾಗಾಗಿ ಪಲ್ಲವರಿಗೆ ಪಡುವಣದಲ್ಲೂ ಬಡಗಣದಲ್ಲೂ ಚಾಲುಕ್ಯರೇ ನೆರೆಯವರಾದರು. ಇಬ್ಬರಿಗೂ ದಕ್ಷಿಣಕ್ಕೆ ತಾವೇ ಹಿರಿಯರು ಅನ್ನಿಸಿಕೊಳ್ಳಬೇಕಿತ್ತು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಜಾಸ್ತಿ ಕಾಲ, ಅಪ್ಪನ ಹಗೆ ಮಗನಿಗೆ, ಮಗನದು ಮೊಮ್ಮಗನಿಗೆ ಬಂತು.

ಈ ಹಗೆ ಎಷ್ಟು ಸುಡುತ್ತಿತ್ತು ಅಂತ ತಿಳಿಯಲು ಎರಡು ಸಾಲು ಸಾಕು. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಪುಲಕೇಶಿಯ ಕವಿ ರವಿಕೀರ್ತಿ 634ರಲ್ಲಿ ಬರೆದ ಶಾಸನ ನಿಮಗೆ ಬಾಯಿಪಾಠವೇ ಇರುತ್ತದೆ. ಪುಲಕೇಶಿಯ ದಂಡಿನ ಧೂಳಿಗೆ ಮಂಕಾದ ಪಲ್ಲವ ದೊರೆ ಕಂಚಿಯ ಕೋಟೆ ಗೋಡೆಯ ಹಿಂದೆ ಅಡಗಿದ ಅಂತ ಅದರಲ್ಲಿದೆ. ಈಗ ಪಲ್ಲವರ ಕೂರಂ ತಾಮ್ರಪಟಕ್ಕೆ ಬನ್ನಿ. ಮುಂದಿನ ಪಲ್ಲವ ದೊರೆ ನರಸಿಂಹವರ್ಮ, ಓಡುತ್ತಿದ್ದ ಪುಲಕೇಶಿಯ ಬೆನ್ನನ್ನೇ ಪಟ ಮಾಡಿಕೊಂಡು ಅದರ ಮೇಲೆ 'ವಿಜಯ' ಅನ್ನುವ ಅಕ್ಷರ ಬರೆದ ಅಂತ ಅಲ್ಲಿದೆ. ಆ ಕಾಳಗಗಳಲ್ಲಿ ಒಂದು ಮಣಿಮಂಗಲದ್ದು. ಅದು ಕಂಚಿಗೆ ಹತ್ತಿರದ ಊರು. ಅಂದರೆ ನಮ್ಮವರು ಅವರ ಬಾಗಿಲತನಕ ಹೋಗಿದ್ದರು. ಅಲ್ಲಿ ಸೋತು, ಬೆನ್ನಟ್ಟಿಸಿಕೊಂಡು ಬಂದು, 642ರಲ್ಲಿ ಬಾದಾಮಿಯನ್ನೂ ಕಳೆದುಕೊಂಡರು. ಆ ಯುದ್ಧದಲ್ಲೇ ಪುಲಕೇಶಿ ಮಡಿದ ಅಂತ ಬಹಳ ಮಂದಿ ಚರಿತ್ರೆಕಾರರ ಅಭಿಪ್ರಾಯ. ನರಸಿಂಹವರ್ಮ 'ವಾತಾಪಿಕೊಂಡ', ಅಂದರೆ ವಾತಾಪಿಯನ್ನು (ಬಾದಾಮಿಯನ್ನು) ಗೆದ್ದವನು, ಅಂತ ಬಿರುದು ಹೊತ್ತ. ಅವನ ಆಳ್ವಿಕೆಯ 13ನೇ ವರ್ಷದ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಬಹಳ ಸವೆದಿದೆ. ನಾವು ಒಂದೂವರೆ ಪುಟ ಬರೆದದ್ದು ಆ ಬಂಡೆಯ ಬಗ್ಗೆ. ನಮ್ಮ ಊರಿನ ಕಲ್ಲು ಹೇಳುವ ಮಾತನ್ನು ನಮ್ಮ ಊರಿನ ಪತ್ರಿಕೆ ಮುಚ್ಚಿಡಬಾರದು ಅಂತ ನಾನು ನಂಬಿದ್ದೇನೆ.

ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ 655ರ ಸುಮಾರಿಗೆ ಊರನ್ನು ಮರಳಿ ಪಡೆದ. ಕಾವೇರಿ ದಡದವರೆಗೂ ಹೋಗಿ ಅಲ್ಲಿ ಬೀಡು ಬಿಟ್ಟ. ಆದರೆ ಅವನೂ ಕೊನೆಗೆ ಒಂದು ಹರಕು ಬಟ್ಟೆ ಹೊದ್ದು ಓಡಿದ ಅಂತ ಪಲ್ಲವರು ಬರೆಸಿದರು. ಹೀಗೇ ನಡೆಯಿತು. ಬಾದಾಮಿಯಿಂದ ಕಂಚಿಗೆ ನೇರ ಗೆರೆ ಎಳೆದರೂ 550 ಕಿಲೋಮೀಟರ್ ಆಸುಪಾಸು. ಆನೆ, ಕುದುರೆ, ಕಾಳುಕಡಿ ಕಟ್ಟಿಕೊಂಡು ಅಷ್ಟು ದೂರ ಹೋಗಿ ಗೆಲ್ಲಬಹುದಿತ್ತು. ಗೆದ್ದದ್ದನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದು ಇಬ್ಬರಿಗೂ ಆಗಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. 642ರ ನಂತರ ಹತ್ತಿರ ಹತ್ತಿರ ನೂರು ವರ್ಷಕ್ಕೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಗೆ ಹೋದ. ಅವನ ಮುತ್ತಜ್ಜನ ಅಪ್ಪ ಪುಲಕೇಶಿಯ ಬೆನ್ನ ಮೇಲೆ ಅಕ್ಷರ ಬರೆದೆವು ಅಂತ ಹಾಡಿಕೊಂಡವರ ರಾಜಧಾನಿ ಅದು. ಸುಡಬಹುದಿತ್ತು, ದೋಚಬಹುದಿತ್ತು. ಅವನು ಯುದ್ಧದ ಗುರುತುಗಳನ್ನು ತೆಗೆದುಕೊಂಡ. ಕಟುಮುಖ, ಸಮುದ್ರಘೋಷ ಅನ್ನುವ ವಾದ್ಯಗಳು, ಪಲ್ಲವರ ಖಟ್ವಾಂಗ ಧ್ವಜ, ಆನೆಗಳು, ಮಾಣಿಕ್ಯಗಳು. ಊರನ್ನು ಹಾಳು ಮಾಡಲಿಲ್ಲ. ರಾಜಸಿಂಹೇಶ್ವರ ಗುಡಿಯ ಸಿರಿಯನ್ನು ಕಣ್ಣಾರೆ ನೋಡಿ, ಮುಟ್ಟದೆ, ದೇವರಿಗೇ ಬಿಟ್ಟುಕೊಟ್ಟ. ಅದನ್ನು ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ.

ಆ ಗುಡಿಗೆ ಈಗ ಕೈಲಾಸನಾಥ ಅಂತ ಹೆಸರು. ಕೆಲವು ವರ್ಷದ ಹಿಂದೆ ಹೋಗಿದ್ದೆ. ಬೆಳಗಿನ ಹೊತ್ತು. ನಾನು ಕನ್ನಡದವನು ಅಂತ ಗೊತ್ತಾಗಿ ಅಲ್ಲಿದ್ದ ವಯಸ್ಸಾದವರೊಬ್ಬರು ಕೈ ಹಿಡಿದು ಕಂಬದ ಮುಂದೆ ನಿಲ್ಲಿಸಿದರು. "ನಿಮ್ಮ ಊರ ಎಳುತ್ತು," ಅಂದರು. ಅರ್ಧ ಕನ್ನಡ, ಅರ್ಧ ತಮಿಳು. ಆ ಹಳೆಯ ಅಕ್ಷರಗಳಲ್ಲಿ ನನಗೆ ಓದಲು ಬಂದದ್ದು ಅಲ್ಲೊಂದು ಇಲ್ಲೊಂದು ಮಾತ್ರ. ಆದರೂ ಬಹಳ ಹೊತ್ತು ನಿಂತಿದ್ದೆ. ಗುರುಗಳೇ, 642 ಗೊತ್ತಿಲ್ಲದ ಮಗುವಿಗೆ ಆ ಕಂಬ ಸುಮ್ನೆ ಒಂದು ದಾನಶಾಸನ. ಗೊತ್ತಿರುವ ಮಗುವಿಗೆ ಅದರ ತೂಕವೇ ಬೇರೆ, ಅಲ್ವಾ?

ನೇರವಾಗಿ ಹೇಳಿ ಅಂದಿರಿ. ಯುದ್ಧದ ಲೆಕ್ಕದಲ್ಲಿ ಯಾರೂ ಮೇಲಲ್ಲ. 753ರ ಸುಮಾರಿಗೆ ರಾಷ್ಟ್ರಕೂಟರ ದಂತಿದುರ್ಗ ಚಾಲುಕ್ಯರನ್ನು ಕೆಳಗಿಳಿಸಿದ. ಮುಂದೆ ಪಲ್ಲವರನ್ನು ಚೋಳರು ಮುಗಿಸಿದರು. ಆದರೆ ಈ ಎರಡು ಮನೆತನಗಳ ಕತೆಯಲ್ಲಿ ಅತಿ ದೊಡ್ಡವನು ಯಾರು ಅಂದರೆ ನನ್ನ ಉತ್ತರ ಇಮ್ಮಡಿ ವಿಕ್ರಮಾದಿತ್ಯ. ಕಂಚಿಯನ್ನು ಗೆದ್ದದ್ದಕ್ಕಲ್ಲ, ಆ ಕಂಬಕ್ಕೆ. ಅವನು ನಮ್ಮ ಜಿಲ್ಲೆಯ ಮಣ್ಣಿನವನು ಅನ್ನುವುದು ನನಗೆ ಹೆಮ್ಮೆ.

ಇನ್ನು ಚಿತ್ರದ ತಪ್ಪು. ನೀವು ಹೇಳಿದ್ದೇ ಸರಿ. ನಾವು ವಿರೂಪಾಕ್ಷ ಅಂತ ಹಾಕಿದ್ದು ಮಲ್ಲಿಕಾರ್ಜುನ ಗುಡಿಯ ಚಿತ್ರ. ಎರಡೂ ಒಂದರ ಪಕ್ಕ ಒಂದಿವೆ, ಕಟ್ಟಿಸಿದವರು ಅಕ್ಕತಂಗಿಯರು, ವಿಕ್ರಮಾದಿತ್ಯನ ರಾಣಿಯರು. ವಿರೂಪಾಕ್ಷ ಲೋಕಮಹಾದೇವಿಯದು, ಮಲ್ಲಿಕಾರ್ಜುನ ತ್ರೈಲೋಕ್ಯಮಹಾದೇವಿಯದು. ಗಂಡ ಕಂಚಿ ಗೆದ್ದ ನೆನಪಿಗೆ ಕಟ್ಟಿಸಿದ ವಿರೂಪಾಕ್ಷದ ರೂಪ ಕಂಚಿಯ ಕೈಲಾಸನಾಥವನ್ನೇ ಹೋಲುತ್ತದೆ. ಅಲ್ಲಿ ಕೆಲಸ ಮಾಡಿದ ಸರ್ವಸಿದ್ಧಿ ಆಚಾರಿಯನ್ನು ಶಾಸನ ತೆಂಕಣ ದೆಸೆಯ ಸೂತ್ರಧಾರಿ, ಅಂದರೆ ದಕ್ಷಿಣ ದಿಕ್ಕಿನ ಶಿಲ್ಪಿ, ಅನ್ನುತ್ತದೆ. ಅಂದರೆ ಸೋತ ಊರಿನ ಗುಡಿಯ ಚೆಲುವಿಗೆ ಗೆದ್ದ ಊರು ಮನಸೋತಿತ್ತು. ನಿಮ್ಮ ಪ್ರಶ್ನೆಗೆ ಲೋಕಮಹಾದೇವಿ ಏನನ್ನುತ್ತಿದ್ದಳೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಗುಳೇದಗುಡ್ಡದಿಂದ ಪಟ್ಟದಕಲ್ಲು ದೂರವಲ್ಲ. ಒಂದು ಭಾನುವಾರ ನೀವು ಬಿಡುವು ಮಾಡಿಕೊಂಡರೆ ನಾನೂ ಬರುತ್ತೇನೆ. ವಿರೂಪಾಕ್ಷದ ಮೂಡಣ ಬಾಗಿಲಲ್ಲಿ ಗುಂಡ ಅನಿವಾರಿತಾಚಾರಿಯ ಶಾಸನ ಇದೆ. ಕಂಚಿಯನ್ನು 'ಮೂಮೆ', ಅಂದರೆ ಮೂರು ಸಲ, ಗೆದ್ದವನ ರಾಣಿಯ ಗುಡಿ ಕಟ್ಟಿದ ಶಿಲ್ಪಿ ಆತ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರ ಚೆನ್ನಾಗಿ ಕಾಣುತ್ತವೆ. ನೀವು ಓದಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಅಲ್ಲಿಂದ ಬಾದಾಮಿಗೆ ಹೋಗಿ ನರಸಿಂಹವರ್ಮನ ಬಂಡೆಯನ್ನೂ ನೋಡಿ ಬರೋಣ. ನಿಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಬರುವುದಿದ್ದರೆ ಕರೆತನ್ನಿ.

– ಸಂಪಾದಕ